ಗುಡಿಗೆ ಬಂದವನಿಗೆ ಕೆರೆ ಕಾಣಲಿಲ್ಲ

ಹಂಪಿಗೆ ಬಂದವರು ಹಂಪಿಯನ್ನಷ್ಟೇ ನೋಡಿ ತಿರುಗಿಬಿಡುತ್ತಾರೆ ಎಂಬುದು ನನ್ನ ಬಹುಕಾಲದ ತಕರಾರು. ಅಲ್ಲಿಂದ ಕೆಳಗೆ ಹಗರಿಬೊಮ್ಮನಹಳ್ಳಿ, ಕೂಡ್ಲಿಗಿ, ಕೊಟ್ಟೂರು, ಹಡಗಲಿ, ಹರಪನಹಳ್ಳಿ ಅಂತ ಐದು ತಾಲ್ಲೂಕುಗಳಿವೆ. ವಿಜಯನಗರ ಹುಟ್ಟುವುದಕ್ಕೆ ಇನ್ನೂರು, ಮುನ್ನೂರು ವರ್ಷ ಮೊದಲಿನ ಗುಡಿಗಳು ಅಲ್ಲಿ ಜಾಲಿಗಿಡಗಳ ನಡುವೆ ಕೇಳುವವರಿಲ್ಲದೆ ನಿಂತಿವೆ. ಬಾಗಳಿಯ ಕಲ್ಲೇಶ್ವರ ಹತ್ತನೇ ಶತಮಾನದ್ದು. ರಾಷ್ಟ್ರಕೂಟರ ಕಾಲದಲ್ಲಿ ದುಗ್ಗಿಮಯ್ಯ ಎಂಬಾತ ಕಟ್ಟಿಸಿದ್ದನ್ನು ಕಲ್ಯಾಣದ ಚಾಲುಕ್ಯರು ಬೆಳೆಸಿದರು. ಅಂಬಳಿಯ ಕಲ್ಲೇಶ್ವರ 1083ರದ್ದು. ಕುರುವತ್ತಿಯ ಮಲ್ಲಿಕಾರ್ಜುನ ಗುಡಿಯ ಮದನಿಕೆಯರಂತೂ ಬೇಲೂರಿನವರಿಗೆ ಅಕ್ಕಂದಿರು.

ಇದನ್ನೆಲ್ಲ ಮನೆಯವರಿಗೆ ತೋರಿಸಿಯೇ ಬಿಡಬೇಕು ಎಂದು ಒಂದು ಬೇಸಿಗೆ ರಜೆಯಲ್ಲಿ ಹಟ ಹಿಡಿದೆ. ಏಪ್ರಿಲ್ ತಿಂಗಳು. ಚಿಕ್ಕಮ್ಮ, ತಂಗಿಯ ಸಂಸಾರ, ಮಕ್ಕಳು. ನಕ್ಷೆ ಹರಡಿ ಗುಡಿಯಿಂದ ಗುಡಿಗೆ ಗೆರೆ ಎಳೆದೆ. ಗೆರೆಗೇನು, ಬಿಸಿಲು ತಾಗುತ್ತದೆಯೇ?

ಕೊಟ್ಟೂರಿನಲ್ಲಿ ಮಂಡಕ್ಕಿ ಮೆಣಸಿನಕಾಯಿ ತಿಂದು ಹೊರಟೆವು. ಆ ಬಿಸಿಲಿಗೆ ಆ ಮೆಣಸಿನಕಾಯಿ ಎಂಥ ಜೋಡಿ ಎಂದು ಆಮೇಲೆ ಗೊತ್ತಾಯಿತು. ಬಾಗಳಿಯಲ್ಲಿ ನಾನು ಕಂಬಗಳ ತಿರುವು, ಬಾಗಿಲವಾಡದ ಕೆತ್ತನೆ ಅಂತ ವಿವರಿಸುತ್ತಿರುವಾಗ ಚಿಕ್ಕಮ್ಮ, “ಕುಡಿಯೋಕೆ ನೀರು ಎಲ್ಲಾದ್ರೂ ಸಿಗುತ್ತೇನೋ?” ಎಂದರು. ಕಾರಿನಲ್ಲಿದ್ದ ಕ್ಯಾನು ಆಗಲೇ ತಳ ಕಂಡಿತ್ತು. ಮುಂದಿನ ಊರಿನಲ್ಲಿ ತಗೊಳ್ಳೋಣ ಎಂದೆ.

ಕುರುವತ್ತಿಯಲ್ಲಿ ಇನ್ನೂ ಸೊಗಸಾಯಿತು. ವಾಸಿಯಾಗದ ಕಾಯಿಲೆಗೆ ಬಿದ್ದ ಚಾಲುಕ್ಯ ದೊರೆ ಒಂದನೇ ಸೋಮೇಶ್ವರ 1068ರಲ್ಲಿ ಇಲ್ಲಿಯೇ ತುಂಗಭದ್ರೆಗೆ ಇಳಿದು ಪ್ರಾಣ ಬಿಟ್ಟ ಎಂದು ಗಂಭೀರವಾಗಿ ಹೇಳಿದೆ. ತಂಗಿಯ ಮಗ ಹೊಳೆಯತ್ತ ನೋಡಿದ. ಬರೀ ಮರಳು, ಬಂಡೆ, ಅಲ್ಲೊಂದು ಇಲ್ಲೊಂದು ಮಡು. “ಇದ್ರಲ್ಲಿ ಮುಳುಗೋಕೆ ಆಗುತ್ತಾ ಮಾಮ?” ಎಲ್ಲರೂ ನಕ್ಕರು. ನನಗೆ ಸಿಟ್ಟು ಬಂತು. ಹುಡುಗ ಕೇಳಿದ್ದೇ ಆ ದಿನದ ಸರಿಯಾದ ಪ್ರಶ್ನೆಯಾಗಿತ್ತು ಎಂಬುದು ಹೊಳೆಯಲಿಲ್ಲ.

ಅಲ್ಲಿಗೇ ನಿಲ್ಲಿಸಬಹುದಿತ್ತು. ತಂಗಿ ಹೇಳಿಯೂ ಹೇಳಿದಳು. ನಾನು ಕೇಳಲಿಲ್ಲ, ನಡುಮಧ್ಯಾಹ್ನ ಕಳೆಯುವ ಮುಂಚೆ ಎಲ್ಲರನ್ನೂ ಉಚ್ಚಂಗಿದುರ್ಗದ ಮೆಟ್ಟಿಲ ಬುಡಕ್ಕೆ ತಂದು ನಿಲ್ಲಿಸಿದೆ. ನೊಳಂಬರಿಂದ ಈ ಕೋಟೆ ಕಿತ್ತುಕೊಂಡ ಗಂಗರ ಮಾರಸಿಂಹ ನೊಳಂಬಕುಲಾಂತಕ ಎಂದು ಬಿರುದು ಹಾಕಿಕೊಂಡ ಕಥೆಯನ್ನು ಮೆಟ್ಟಿಲು ಹತ್ತುತ್ತಲೇ ಹೇಳುತ್ತಿದ್ದೆ. ಹಿಂದಿನಿಂದ ಹೂಂಗುಟ್ಟುವ ಸದ್ದು ನಿಂತದ್ದು ತಡವಾಗಿ ತಿಳಿಯಿತು. ಚಿಕ್ಕಮ್ಮ ಬಂಡೆಗೆ ಒರಗಿ ಕೂತಿದ್ದರು. ತುಟಿ ಒಣಗಿ ಬಿಳಿಚಿತ್ತು, ಕೈ ತಣ್ಣಗಿತ್ತು, ಕರೆದರೆ ಓಗೊಡಲಿಲ್ಲ.

ಹಣ್ಣುಕಾಯಿ ಮಾರುತ್ತಿದ್ದ ಹೆಂಗಸೊಬ್ಬಳು ಕೊಡ ಎತ್ತಿಕೊಂಡೇ ಬಂದಳು. ಸೆರಗು ತೋಯಿಸಿ ಚಿಕ್ಕಮ್ಮನ ಕುತ್ತಿಗೆ, ಕಂಕುಳು ಒರೆಸಿದಳು. ಗುಟುಕು ಗುಟುಕಾಗಿ ನೀರು ಕುಡಿಸಿದಳು. ನಡುವೆ ನನ್ನತ್ತ ತಿರುಗಿ, “ಬ್ಯಾಸಿಗ್ಯಾಗ ವಯಸ್ಸಾದೋರ್ನ ಇಷ್ಟೊತ್ತಿಗೆ ಗುಡ್ಡ ಹತ್ತಸ್ತಾರೇನ್ರೀ? ಮುಂಜಾನಿ ಬರಬೇಕಪ್ಪ!” ಎಂದಳು. ಆ ರಾತ್ರಿ ಚಿಕ್ಕಮ್ಮನಿಗೆ ಡ್ರಿಪ್ ಏರಿಸಬೇಕಾಯಿತು. ವಾಪಸು ಬರುವಾಗ ತಂಗಿ ಚಿತ್ರದುರ್ಗ ದಾಟುವವರೆಗೂ ನನ್ನ ಜೊತೆ ಮಾತಾಡಲಿಲ್ಲ.

ಕೆಲವು ವಾರ ಕಳೆದು ಫೋಟೊ ತೆಗೆದು ನೋಡಿದೆ. ಶಿಖರ, ಕಂಬ, ನಂದಿ, ಮದನಿಕೆ. ಬಾಗಳಿಯ ಒಂದು ಚಿತ್ರದ ಅಂಚಿನಲ್ಲಿ ಕೆರೆಯ ಏರಿ ಅರ್ಧ ಸಿಕ್ಕಿತ್ತು. ಗುಡಿ ಚೆನ್ನಾಗಿ ಕಾಣಲೆಂದು ನಾನೇ ಅದನ್ನು ಕತ್ತರಿಸಿ ಉಳಿದವರಿಗೆ ಕಳಿಸಿದ್ದೆ. ಇಡೀ ಪ್ರವಾಸದ ಚಿತ್ರಗಳಲ್ಲಿ ಕೆರೆಯಾಗಲಿ ಹೊಂಡವಾಗಲಿ ಒಂದೂ ಇಲ್ಲ.

ಚಳಿಗಾಲದಲ್ಲಿ ಒಬ್ಬನೇ ಹೋದೆ. ಈ ಸಲ ಬಾಗಳಿಯಲ್ಲಿ ಮೊದಲು ಏರಿ ಹತ್ತಿದೆ. ಇದು ಮಸಬು ನೆಲ. ಮಳೆ ಬರುವುದೇ ಕಡಿಮೆ, ಬಂದರೆ ನಾಲ್ಕಾರು ದಿನ ಸುರಿದು ಹಳ್ಳದಲ್ಲಿ ಹರಿದು ಮಾಯ. ಅದನ್ನು ಏರಿ ಕಟ್ಟಿ ತಡೆದರೆ, ತೂಬಿನಿಂದ ಇಳಿಸಿದರೆ, ಹೆಚ್ಚಿದ್ದನ್ನು ಕೋಡಿಯಿಂದ ಬಿಟ್ಟರೆ ಮಾತ್ರ ಇಲ್ಲಿ ಭತ್ತ. ಈ ಸೀಮೆಯ ಹಳೆಯ ಶಾಸನಗಳು ದೇವರಿಗೆ ಬಿಟ್ಟ ಭೂಮಿಯನ್ನು ಮತ್ತೆ ಮತ್ತೆ ಕೆರೆಯ ಕೆಳಗಿನ ಗದ್ದೆ ಎಂದೇ ಗುರುತಿಸುತ್ತವೆ. ಹೂಳೆತ್ತುವವರಿಗೆ, ಏರಿ ನೋಡಿಕೊಳ್ಳುವವರಿಗೆ ಬಿಟ್ಟ ಮಾನ್ಯದ ಭೂಮಿಯೂ ಇರುತ್ತಿತ್ತು. ದೇವರ ನೈವೇದ್ಯ, ಪೂಜಾರಿಯ ಅನ್ನ, ಕಲ್ಲುಕುಟಿಗನ ಕೂಲಿ ಎಲ್ಲಕ್ಕೂ ನೀರೇ ಬಂಡವಾಳ. ನಾನು ಗುಡಿಯ ಪಕ್ಕ ಒಂದು ಕೆರೆ ಇದೆ ಅಂದುಕೊಂಡಿದ್ದೆ. ಕೆರೆಯಿದ್ದಲ್ಲಿ ಗುಡಿ ಎದ್ದಿದೆ. ಉಚ್ಚಂಗಿಯ ಕಥೆಯೂ ಅದೇ: ಬಂಡೆ ನೆತ್ತಿಯಲ್ಲಿ ನೀರು ನಿಲ್ಲದೆ ಇದ್ದಿದ್ದರೆ ನೊಳಂಬರಿಗೆ ಕಾಯಲು, ಮಾರಸಿಂಹನಿಗೆ ಗೆಲ್ಲಲು ಅಲ್ಲಿ ಏನಿರುತ್ತಿತ್ತು? ಹುಣ್ಣಿಮೆಗೆ ಈ ಗುಡ್ಡಕ್ಕೆ ಬರುವ ಭಕ್ತರು ನೇರ ಅಲ್ಲಿನ ಆನೆಹೊಂಡಕ್ಕೆ ಹೋಗಿ ಮುಳುಗು ಹಾಕುತ್ತಾರೆ. ಅವರಿಗೆ ಯಾರೂ ಪ್ರವಾಸದ ಪಟ್ಟಿ ಕೊಟ್ಟಿಲ್ಲ.

ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರದ ಹೆಸರು ನನ್ನ ಹಳೆಯ ಪಟ್ಟಿಯಲ್ಲಿ ಇರಲೇ ಇಲ್ಲ. ಶಿಲ್ಪ ಹುಡುಕುವವನಿಗೆ ಊರ ಕೆರೆ ಯಾಕೆ? ಈಗ ಹೋಗಿ ನೋಡಿದರೆ ನೀರಲ್ಲಿ ಮೊಣಕಾಲುದ್ದ ಮುಳುಗಿ ನಿಂತ ಕರಿಜಾಲಿ ಮರಗಳು, ರೆಂಬೆ ಬಾಗುವಷ್ಟು ಬಣ್ಣದ ಕೊಕ್ಕರೆಗಳು. ಗೂಡಿನ ಗಲಾಟೆಯಲ್ಲಿ ಪಕ್ಕದವರ ಮಾತು ಕೇಳುವುದಿಲ್ಲ. ಗದ್ದೆಗೆ ನೀರುಣಿಸಲು ಹಿಂದಿನವರು ಕಟ್ಟಿದ, 98 ಹೆಕ್ಟೇರಿನಷ್ಟಿರುವ ಕೆರೆಯಿದು. 2024ರ ಜನವರಿಯಲ್ಲಿ ಅಘನಾಶಿನಿ ಅಳಿವೆ, ಗದಗಿನ ಮಾಗಡಿ ಕೆರೆಗಳ ಜೊತೆ ಇದೂ ಜೌಗುಭೂಮಿಗಳ ರಾಮ್ಸಾರ್ ಪಟ್ಟಿಗೆ ಸೇರಿತು. ಬಾಗಳಿಯಲ್ಲಿ ಮಾತ್ರ ಪುರಾತತ್ವ ಇಲಾಖೆಯ ಬೇಲಿ ಗುಡಿಯ ಸುತ್ತಲಿಗೆ ಮುಗಿಯುತ್ತದೆ. ಕೆರೆ ಬೇರೆ ಲೆಕ್ಕ. ಸಾವಿರ ವರ್ಷ ಒಂದೇ ಸಂಸಾರವಾಗಿ ಬಾಳಿದ್ದನ್ನು ಕಡತಗಳು ಹಿಸ್ಸೆ ಮಾಡಿಬಿಟ್ಟಿವೆ.

ಕೊಕ್ಕರೆಗಳ ವಿಡಿಯೊ ಚಿಕ್ಕಮ್ಮನಿಗೆ ಕಳಿಸಿದ್ದೆ. “ಇದಕ್ಕಾದ್ರೆ ಬರ್ತೀನಿ. ಮೆಟ್ಟಿಲು ಅಂದ್ರೆ ಕಾರಿಂದ ಇಳಿಯೋದೇ ಇಲ್ಲ” ಎಂದರು. ಡಿಸೆಂಬರಿಗೆ ಕಾರು ಹೇಳಿದ್ದೇನೆ. ಗುಡಿ ಒಂದೇ, ಅದೂ ಬೆಳಿಗ್ಗೆ. ನೀರಿನ ಕ್ಯಾನಿನ ಜವಾಬ್ದಾರಿಯನ್ನು ತಂಗಿ ನನ್ನ ಕೈಗೆ ಕೊಟ್ಟಿಲ್ಲ.