ಸೈಪ್ರಸ್ಸಿನ ಹಸುರು ಗೆರೆ

ನಮ್ಮ ಮನೆಯು ಭಾಗವಾದಾಗ ನನಗೆ ಹನ್ನೊಂದು ವರ್ಷ. ತಂದೆಯವರಿಗೂ ದೊಡ್ಡಪ್ಪನವರಿಗೂ ಮಾತು ಬೆಳೆದು ಕೈಮೀರುವುದರಲ್ಲಿತ್ತು. ಊರ ಹಿರಿಯರೊಬ್ಬರು ಬಂದು, "ಸದ್ಯಕ್ಕೆ ನಡುಮನೆಗೆ ಒಂದು ಗೋಡೆ ಎಬ್ಬಿಸಿಬಿಡಿ, ಹಿಸ್ಸೆಯ ಲೆಕ್ಕವನ್ನು ಸುಗ್ಗಿ ಕಳೆದಮೇಲೆ ಕೂತು ತೀರಿಸೋಣ" ಎಂದರು. ಗೋಡೆಯೆದ್ದಿತು. ಬಚ್ಚಲ ಮೋರಿಯೊಂದನ್ನು ಮಾತ್ರ ಭಾಗಮಾಡಲು ಯಾರಿಂದಲೂ ಆಗಲಿಲ್ಲ. ಲೆಕ್ಕ ತೀರಿಸಬೇಕಾದ ಆ ಸುಗ್ಗಿ ಬರಲೇ ಇಲ್ಲ.

ಸೈಪ್ರಸ್ ದ್ವೀಪದ ವೃತ್ತಾಂತವನ್ನು ಓದುವಾಗಲೆಲ್ಲ ಆ ಗೋಡೆಯು ನನ್ನ ಕಣ್ಣಮುಂದೆ ಬರುತ್ತದೆ. ಅಷ್ಟು ದೂರದ ದ್ವೀಪದ ಗೊಡವೆ ನಮಗೇಕೆಂದು ವಾಚಕರು ಕೇಳಬಹುದು. ನಮ್ಮ ಕೊಡಗಿನ ಜನರಲ್ ತಿಮ್ಮಯ್ಯನವರು ಪ್ರಾಣ ಬಿಟ್ಟದ್ದು ಅಲ್ಲಿ, ಆ ಜಗಳದ ಕಾವಲಿನಲ್ಲಿ.

ದ್ವೀಪದ ಜನರಲ್ಲಿ ಬಹುಮಂದಿ ಗ್ರೀಕ್ ನುಡಿಯ ಕ್ರೈಸ್ತರು. ಅಲ್ಪಸಂಖ್ಯಾತರು ತುರ್ಕಿ ನುಡಿಯ ಮುಸಲ್ಮಾನರು. 1960ರಲ್ಲಿ ಬ್ರಿಟಿಷರ ಆಳ್ವಿಕೆ ಮುಗಿಯಿತು. ಅಧ್ಯಕ್ಷಪದವಿಯು ಗ್ರೀಕರಿಗೆ, ಉಪಾಧ್ಯಕ್ಷಪದವಿಯು ತುರ್ಕಿಯವರಿಗೆ ಎಂದು ರಾಜ್ಯಾಂಗವು ಹಂಚಿತ್ತು. 1963ರ ಡಿಸೆಂಬರಿನಲ್ಲಿ ರಕ್ತ ಹರಿಯಿತು. ಆಗ ಬ್ರಿಟಿಷ್ ಸೇನಾಧಿಕಾರಿ ಪೀಟರ್ ಯಂಗ್ ಎಂಬವರು ರಾಜಧಾನಿಯಾದ ನಿಕೋಸಿಯದ ನಕ್ಷೆಯ ಮೇಲೆ ಹಸುರು ಸೀಸದಕಡ್ಡಿಯಿಂದ ಒಂದು ಗೆರೆಯನ್ನೆಳೆದರು. ಕೈಗೆ ಸಿಕ್ಕಿದ ಕಡ್ಡಿಯ ಬಣ್ಣವೇ ಗೆರೆಯ ಹೆಸರಾಯಿತು.

1964ರ ಮಾರ್ಚ್ 4ರಂದು ವಿಶ್ವಸಂಸ್ಥೆಯ ಭದ್ರತಾ ಮಂಡಳಿಯು 186ನೆಯ ನಿರ್ಣಯವನ್ನು ಮಾಡಿತು. ಅದರಲ್ಲಿ ಎರಡು ಏರ್ಪಾಡುಗಳಿದ್ದುವು: ಕಾದಾಟವು ಮರುಕಳಿಸದಂತೆ ನೋಡಲು ಮೂರು ತಿಂಗಳ ಮಟ್ಟಿಗೆ ಒಂದು ಪಡೆ; ಒಡಂಬಡಿಕೆ ಮಾಡಿಸಲು ಒಬ್ಬ ಮಧ್ಯಸ್ಥ. ಪಡೆಯ ಮೊದಲ ನಾಯಕರು ಭಾರತದ ಜನರಲ್ ಗ್ಯಾನಿಯವರು. ಆ ವರ್ಷವೇ ಅವರ ಸ್ಥಾನಕ್ಕೆ ತಿಮ್ಮಯ್ಯನವರು ಬಂದರು. ಮೊದಲ ಮಧ್ಯಸ್ಥರು ಆರು ತಿಂಗಳೊಳಗೆ ತೀರಿಕೊಂಡರು. ಎರಡನೆಯವರು ಈಕ್ವೆಡಾರಿನ ಹಿಂದಿನ ಅಧ್ಯಕ್ಷ ಗಾಲೋ ಪ್ಲಾಸ. ದ್ವೀಪವು ಗ್ರೀಸಿಗೆ ಸೇರುವುದೂ ಬೇಡ, ಎರಡಾಗಿ ಸೀಳುವುದೂ ಬೇಡ ಎಂಬ ಧೋರಣೆಯಲ್ಲಿ ಅವರು 1965ರಲ್ಲಿ ವರದಿ ಕೊಟ್ಟರು. ತುರ್ಕಿಯು ಅದನ್ನು ತಳ್ಳಿಹಾಕಿತು. ಡಿಸೆಂಬರಿನಲ್ಲಿ ಅವರು ರಾಜೀನಾಮೆಯಿತ್ತರು. ಅದೇ ತಿಂಗಳ 18ರಂದು ತಿಮ್ಮಯ್ಯನವರು ಹೃದಯಾಘಾತದಿಂದ ತೀರಿಕೊಂಡರು. ಸೈಪ್ರಸ್ ಸರ್ಕಾರವು ಅವರ ನೆನಪಿಗೆ ಅಂಚೆಚೀಟಿಯನ್ನು ಹೊರಡಿಸಿತು.

ಪಡೆಗೆ ಬೇರೊಬ್ಬ ನಾಯಕರು ಬಂದರು. ಮಧ್ಯಸ್ಥರ ಸ್ಥಾನಕ್ಕೆ ಯಾರೂ ಬರಲಿಲ್ಲ. ಮುಂದೆ ಮಹಾಕಾರ್ಯದರ್ಶಿಗಳ ಪ್ರತಿನಿಧಿಗಳು ಮಾತುಕತೆಗಳನ್ನು ನಡೆಸಿದರು, ನಿಜ. ಆದರೆ ಒಂದೇ ನಿರ್ಣಯದಲ್ಲಿ ಹುಟ್ಟಿದ ಅವಳಿಗಳಲ್ಲಿ ಸಂಧಾನವೆಂಬ ಕೂಸು ಎಳವೆಯಲ್ಲೇ ಸೊರಗಿ, ಕಾವಲೆಂಬುದು ಅರುವತ್ತು ವರ್ಷ ದಾಟಿ ಬಾಳಿದೆ.

ಕಾವಲಿನ ಮಿತಿಯೂ 1974ರಲ್ಲಿ ತಿಳಿಯಿತು. ಜುಲೈ 15ರಂದು ಗ್ರೀಸಿನ ಸೇನಾಡಳಿತದ ಬೆಂಬಲದಿಂದ ಅಲ್ಲಿ ಕ್ಷಿಪ್ರಕ್ರಾಂತಿಯಾಯಿತು; 20ರಂದು ತುರ್ಕಿಯ ಸೈನ್ಯವು ಬಂದಿಳಿದು ದ್ವೀಪದ ಮೂರನೆಯ ಒಂದು ಪಾಲಿಗಿಂತ ಹೆಚ್ಚನ್ನು ಹಿಡಿಯಿತು. ಲಕ್ಷಕ್ಕೂ ಮೀರಿದ ಗ್ರೀಕರು ದಕ್ಷಿಣಕ್ಕೆ ಓಡಿದರು. ತುರ್ಕಿಯವರು ಉತ್ತರಕ್ಕೆ ಸರಿದರು. ನೀಲಿ ಟೊಪ್ಪಿಗೆಯವರು ಸೈನ್ಯವನ್ನು ತಡೆಯಲಾರದೆ ಹೋದರು. ನಿಕೋಸಿಯದ ವಿಮಾನನಿಲ್ದಾಣವನ್ನು ಮಾತ್ರ ಜನರಲ್ ಪ್ರೇಮಚಂದರ ಪಡೆಯು ತನ್ನ ರಕ್ಷಣೆಗೆ ತೆಗೆದುಕೊಂಡು, ಯಾರ ಕೈಗೂ ಬಿಡಲಿಲ್ಲ. ಅಂದಿನಿಂದ ಗೆರೆಯು ಸುಮಾರು 180 ಕಿಲೋಮೀಟರ್ ಉದ್ದದ ಪಟ್ಟಿಯಾಗಿ ದ್ವೀಪವನ್ನು ಸೀಳಿದೆ.

ಕೌಟಿಲ್ಯನು ಹೇಳುವ ಆರು ರಾಜಗುಣಗಳಲ್ಲಿ ಸಂಧಿ, ವಿಗ್ರಹಗಳ ಬಳಿಕ ಆಸನವೆಂಬುದೊಂದಿದೆ. ಒಬ್ಬರು ಇನ್ನೊಬ್ಬರನ್ನು ಕೆಡಿಸಲಾರದಿದ್ದಾಗ ಸುಮ್ಮನೆ ಕುಳಿತಿರುವುದು. ಸೈಪ್ರಸ್ಸಿನಲ್ಲಿ ಕುಳಿತವರು ಕೇವಲ ಶಕ್ತಿಗೆಟ್ಟು ಕುಳಿತವರಲ್ಲ. ಉತ್ತರದವರಿಗೆ 1983ರಲ್ಲಿ ಸಾರಿಕೊಂಡ ರಾಜ್ಯವಿದೆ, ತುರ್ಕಿಯ ಹೊರತು ಯಾರೂ ಮನ್ನಿಸದಿದ್ದರೂ. ದಕ್ಷಿಣದವರಿಗೆ ಲೋಕದ ಮನ್ನಣೆಯಿದೆ. 2004ರ ಏಪ್ರಿಲಿನಲ್ಲಿ ಒಂದುಗೂಡುವ ಯೋಜನೆಯನ್ನು ಜನಮತಕ್ಕಿಟ್ಟಾಗ ತುರ್ಕಿಯವರಲ್ಲಿ ನೂರಕ್ಕೆ 65ರಷ್ಟು ಮಂದಿ ಒಪ್ಪಿದರು, ಗ್ರೀಕರಲ್ಲಿ 76ರಷ್ಟು ಮಂದಿ ಒಲ್ಲೆನೆಂದರು. ಒಂದೇ ವಾರ ಕಳೆಯುವಷ್ಟರಲ್ಲಿ ಸೈಪ್ರಸ್ ಐರೋಪ್ಯ ಒಕ್ಕೂಟವನ್ನು ಸೇರಿತು. ಕಾವಲಿರುವುದರಿಂದಲೇ ಇವರಿಗೆ ಅವಸರವಿಲ್ಲ ಎಂದು ಆಕ್ಷೇಪಿಸುವವರುಂಟು. ನಾನೂ ಬಹುಕಾಲ ಹಾಗೆಯೇ ಹೇಳುತ್ತಿದ್ದೆನು. ಈಗ ಅಷ್ಟು ಧೈರ್ಯವಿಲ್ಲ. 1974ರ ಬಳಿಕ ಅಲ್ಲಿ ಹುಟ್ಟಿದ ಕೂಸು ಐವತ್ತು ತುಂಬುವವರೆಗೂ ತನ್ನ ಊರಿನಲ್ಲಿ ಯುದ್ಧವನ್ನು ಕಂಡಿಲ್ಲ.

ಆ ನಗರದ ಕೊಳೆನೀರು ಗೆರೆಯನ್ನು ಮನ್ನಿಸಲಿಲ್ಲ. ಯುದ್ಧವಾಗಿ ಕೆಲವೇ ವರ್ಷಗಳಲ್ಲಿ ಎರಡು ಕಡೆಯ ನಗರಾಧ್ಯಕ್ಷರು, ಗ್ರೀಕರ ಡಿಮಿಟ್ರಿಯಾಡಿಸ್ ಮತ್ತು ತುರ್ಕಿಯವರ ಅಕಿಂಜಿ, ಒಂದೇ ಒಳಚರಂಡಿಯ ಏರ್ಪಾಟಿಗೆ ಒಪ್ಪಿದರು. ದಕ್ಷಿಣದ ನೀರು ಉತ್ತರಕ್ಕೆ ಹರಿದು ಶುದ್ಧವಾಗತೊಡಗಿತು. ಇದೇ ಅಕಿಂಜಿಯವರು ಮುಂದೆ ಉತ್ತರದವರ ನಾಯಕರಾಗಿ 2017ರಲ್ಲಿ ಸ್ವಿಟ್ಸರ್ಲೆಂಡಿನ ಸಂಧಾನಕ್ಕೆ ಕುಳಿತರು. ಅದು ಮುರಿದುಬಿದ್ದಿತು.

ನಮ್ಮ ಗೋಡೆಯೂ ಇದೆ. ಹೋದ ಮಳೆಗಾಲದಲ್ಲಿ ದೊಡ್ಡಪ್ಪನವರ ಮಗನು ಬಂದು, ಮೋರಿ ಕಟ್ಟಿದೆಯೆಂದು ಬಾಗಿಲು ತಟ್ಟಿದನು. ಇಬ್ಬರೂ ಸೇರಿ ಕೆಸರನ್ನು ತೆಗೆದೆವು. ನನ್ನ ಮನೆಯಾಕೆ ಕಾಫಿ ಕೊಟ್ಟಳು. ಗೋಡೆಯ ಮಾತನ್ನು ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.