ಸ್ವಾಮಿಯ ಅಪ್ಪ, ಕಾಲಯಾನದ ಮನೆಯ ಅಪ್ಪ (ಭಾಗ 4)

ದೋಸ್ತರೇ, ಗಿರೀಶ ಕಾರ್ನಾಡ ಅಂದ್ರ ನಮ್ಮ ಕ್ಲಾಸಿನ್ಯಾಗ ಎರಡೇ ಉತ್ತರ: 'ತುಘಲಕ್', ಇಲ್ಲಾಂದ್ರ 'ಮಾಲ್ಗುಡಿ ಡೇಸ್'ನ ಸ್ವಾಮಿಯ ಅಪ್ಪ. ಅವರು ಸೈನ್ಸ್ ಫಿಕ್ಷನ್ ಸೀರಿಯಲ್‌ನಲ್ಲೂ ಅಪ್ಪ ಆಗಿದ್ದರು, ಗೊತ್ತಾ?

1989, ದೂರದರ್ಶನ, ಹಿಂದಿ ಧಾರಾವಾಹಿ 'ಇಂದ್ರಧನುಷ್'. ಮಕ್ಕಳು, ಕಂಪ್ಯೂಟರ್, ಕಾಲಯಾನ. ಕರಣ್ ಜೋಹರ್ ಅದರಲ್ಲಿ ಹುಡುಗನ ಪಾತ್ರ ಮಾಡಿದ್ದ, ನಗಬ್ಯಾಡ್ರಿ. ಆಮೇಲೆ 'ಟರ್ನಿಂಗ್ ಪಾಯಿಂಟ್' ಅನ್ನೋ ವಿಜ್ಞಾನ ಕಾರ್ಯಕ್ರಮವನ್ನೂ ಕಾರ್ನಾಡರು ನಡೆಸಿಕೊಟ್ಟರು.

ನನ್ನನ್ನ ಹಿಡಿದು ನಿಲ್ಲಿಸಿದ್ದು ಇದಲ್ಲ. ಈ ಮನುಷ್ಯ 1958ರಲ್ಲಿ ಧಾರವಾಡದಲ್ಲಿ ಡಿಗ್ರಿ ಮುಗಿಸಿದ್ದು ಗಣಿತ, ಸಂಖ್ಯಾಶಾಸ್ತ್ರದಲ್ಲಿ. ನಾಟಕದಲ್ಲಿ ಅಲ್ಲ! ಮೂರೇ ವರ್ಷಕ್ಕೆ, 1961ರಲ್ಲಿ, 'ಯಯಾತಿ' ಪುಸ್ತಕವಾಗಿ ಬಂತು.

ನಾನೂ ಬಿಎಸ್ಸಿ, ಗಣಿತ. ಅಪ್ಪ ವಾಡಿಯ ಸಿಮೆಂಟ್ ಫ್ಯಾಕ್ಟರಿಯಲ್ಲಿ ಶಿಫ್ಟ್ ಮಾಡ್ತಾನೆ. "ಲೆಕ್ಕ ಓದಾಕಿ ನಾಟಕಕ್ಕ ಯಾಕ ಹೋಗ್ತಿ?" ಅಂತ ಎರಡು ವರ್ಷದಿಂದ ಒಂದೇ ಮಾತು. ಹಿಂಗಾಗಿ ಕಾರ್ನಾಡರ ಡಿಗ್ರಿಯನ್ನ ಸಾಕ್ಷಿಯಂಗ ಹಿಡಕೊಂಡು ಭಾನುವಾರ ಅಪ್ಪನ ಮುಂದ ಕೂತೆ. ಎಲ್ಲಾ ಹೇಳಿದೆ, ಇಸವಿ ಸಮೇತ.

ಅಪ್ಪ ಸುಮ್ಮನ ಚಹಾ ಕುಡದ. ಆಮೇಲೆ ಕೇಳಿದ, "ಸೀರಿಯಲ್‌ನಾಗ ಅಪ್ಪ ಆಗಿದ್ದ ಅಂದ್ಯಲ್ಲ, ಅಂವಾ ಮಗಳಿಗಿ ನಾಟಕಕ್ಕ ಹೋಗು ಅಂತಿದ್ದನೇನು?"

ಸ್ವಾಮಿಯ ಅಪ್ಪ ಅಂತೂ ಅಂತಿರಲಿಲ್ಲ. ನನಗ ನಗು ತಡೀಲಿಲ್ಲ, ಅಪ್ಪನೂ ನಕ್ಕ. ಹೂಂ ಅನ್ನಲಿಲ್ಲ, ಬ್ಯಾಡ ಅಂತಲೂ ಅನ್ನಲಿಲ್ಲ.

ಶನಿವಾರ ಕಲಬುರಗಿಯಲ್ಲಿ ಆಡಿಷನ್. ವಾಡಿಯಿಂದ ಬೆಳಿಗ್ಗೆ ರೈಲು ಹತ್ತಿ ಶಹಾಬಾದ್ ದಾಟಿದ್ರ ಆಯ್ತು. ಟಿಕೆಟ್ ರೊಕ್ಕ ಇನ್ನೂ ಕೇಳಿಲ್ಲ.