ಕಿವಿಗೆ ತಡವಾಗಿ ಬರುವ ಸದ್ದು

ಅಗಲ್ಪಾಡಿಯಲ್ಲಿ ಮಳೆ ಹಿಡಿದು ಹೊಯ್ಯತೊಡಗಿದರೆ ಮನೆಯೊಳಗೆ ಮಾತಾಡುವುದಕ್ಕೂ ಗಂಟಲು ಏರಿಸಬೇಕು. ಹಂಚಿನ ಮಾಡಿನ ಸದ್ದನ್ನಾದರೂ ಸಹಿಸಿಕೊಳ್ಳಬಹುದು. ಅಡಿಕೆ ನೆನೆಯದಿರಲೆಂದು ಅಂಗಳಕ್ಕೆ ಹೊದೆಸಿದ ಶೀಟಿನ ಅಬ್ಬರವೇ ಬೇರೆ. ಕಾಸರಗೋಡು ಜಿಲ್ಲೆಗೆ ವರ್ಷಕ್ಕೆ 3500 ಮಿಲಿಮೀಟರಿನ ಆಸುಪಾಸು ಮಳೆ, ಅದರ ದೊಡ್ಡ ಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲೇ. ಇಂಥ ಮಳೆಯಲ್ಲಿ, ಎರಡು ಕೈಯಲ್ಲಿ ಹಿಡಿದು ಆಡುವ ಆಟದ ಯಂತ್ರದ ಪುಟ್ಟ ಸ್ಪೀಕರ್ ಏನು ಹೇಳಿದರೂ ಕೇಳಿಸಿಕೊಳ್ಳುವವರಿಲ್ಲ. ಕೊರೊನಾ ಕಾಲದಲ್ಲಿ ಬೆಂಗಳೂರಿನ ಕಂಪೆನಿ ಕೆಲಸವನ್ನು ಲ್ಯಾಪ್‌ಟಾಪ್ ಸಮೇತ ತೋಟದ ಮನೆಗೆ ಹೊತ್ತು ತಂದಿದ್ದ ಒಬ್ಬ ಆಸಾಮಿಗೆ 2021ರ ಮಳೆಗಾಲದಲ್ಲಿ ಇದೇ ದೊಡ್ಡ ತಾಪತ್ರಯವಾಗಿತ್ತು. ಹಗಲು ಮೀಟಿಂಗಿಗೆ ಕಿವಿಗೆ ಹಾಕಿಕೊಳ್ಳುವ ಬ್ಲೂಟೂತ್ ಹೆಡ್‌ಫೋನು ರಾತ್ರಿ ಆಟಕ್ಕೆ ಕೆಲಸಕ್ಕೆ ಬಾರದು. ಅವನ ಕೈಯಲ್ಲಿದ್ದ ನಿಂಟೆಂಡೊ ಸ್ವಿಚ್ ಬ್ಲೂಟೂತ್ ಹೆಡ್‌ಫೋನನ್ನು ಗುರುತಿಸುತ್ತಲೇ ಇರಲಿಲ್ಲ.

ಕುಂಬ್ಡಾಜೆ ಪಂಚಾಯತಿನ ಈ ಮೂಲೆಗೆ ಇಂಥ ವಸ್ತುಗಳು ಬರುವುದು ಹೊಸತೇನಲ್ಲ. ಕಾಸರಗೋಡಿಗೆ ಜಗತ್ತಿನ ಎಲೆಕ್ಟ್ರಾನಿಕ್ ಸಾಮಾನು ಬಂದದ್ದೇ ದುಬೈ, ಅಬುಧಾಬಿಯ ದಾರಿಯಲ್ಲಿ. ಎಂಬತ್ತು, ತೊಂಬತ್ತರ ದಶಕದಲ್ಲಿ ಗಲ್ಫಿನಿಂದ ರಜೆಗೆ ಬಂದವರ ಪೆಟ್ಟಿಗೆ ಬಿಚ್ಚುವಾಗ ನೆರೆಕರೆಯವರೆಲ್ಲ ಚಾವಡಿಯಲ್ಲಿ ಸೇರುತ್ತಿದ್ದರು: ಟೇಪ್‌ರೆಕಾರ್ಡರ್, ಟಾರ್ಚು, ಅತ್ತರು, ಕೊನೆಗೆ ಮಕ್ಕಳಿಗೆಂದು ಏನಾದರೊಂದು. ಜಾತ್ರೆಯ ಸಂತೆಯಲ್ಲಿ ಸಿಗುತ್ತಿದ್ದ, ‘ಸಾವಿರಾರು ಆಟ’ ಎಂದು ಬರೆದಿದ್ದರೂ ಒಳಗೆ ಇಟ್ಟಿಗೆ ಜೋಡಿಸುವ ಆಟವನ್ನೇ ತಿರುಗಿಸಿ ಮುರುಗಿಸಿ ಕೊಡುತ್ತಿದ್ದ ಬ್ರಿಕ್ ಗೇಮಿನಲ್ಲೇ ಬೆಳೆದ ಈ ಆಸಾಮಿಗೆ, ಪ್ಲಸ್ ಟು ಓದುತ್ತಿದ್ದಾಗ ಸೋದರಮಾವ ತಂದುಕೊಟ್ಟದ್ದು ನಿಂಟೆಂಡೊದ ಗೇಮ್‌ಬಾಯ್ ಅಡ್ವಾನ್ಸ್ ಎಸ್‌ಪಿ. ಮಡಚಿದರೆ ಅಂಗಿಯ ಜೇಬಿಗೆ ಇಳಿಯುವ ಬೆಳ್ಳಿ ಬಣ್ಣದ ಚೌಕ. ಕರೆಂಟು ಹೋದರೂ ತನ್ನದೇ ಬೆಳಕಿನಲ್ಲಿ ಆಡಿಸುತ್ತಿತ್ತು. ನಮ್ಮ ಕಡೆಯ ಮಳೆಗಾಲಕ್ಕೆಂದೇ ಮಾಡಿದ ಹಾಗೆ.

ಒಂದೇ ಕೊರತೆ. ಇಯರ್‌ಫೋನ್ ಚುಚ್ಚುವ ತೂತಿರಲಿಲ್ಲ.

ಇದು ವಿಚಿತ್ರವೇ. ಯಾಕೆಂದರೆ ಈ ವಂಶದ ಹಿರಿಯ, 1989ರ ಏಪ್ರಿಲ್‌ನಲ್ಲಿ ಜಪಾನಿನಲ್ಲಿ ಬಿಡುಗಡೆಯಾದ ಮೊದಲ ಗೇಮ್‌ಬಾಯ್, ಕಿವಿಗೆ ಎಲ್ಲಿಲ್ಲದ ಮರ್ಯಾದೆ ಕೊಟ್ಟ ಯಂತ್ರ. ಅದರ ಹಿಂದಿದ್ದ ಗುನ್‌ಪೇ ಯೊಕೊಯಿ ಎಂಬ ಎಂಜಿನಿಯರನ ಸಿದ್ಧಾಂತವೇ ಅಗ್ಗದ, ಹಳತಾಗಿ ಪಳಗಿದ ತಂತ್ರಜ್ಞಾನವನ್ನು ಹೊಸ ಬಗೆಯಲ್ಲಿ ಬಳಸುವುದು. ಹಾಗಾಗಿ ಪರದೆ ಕಪ್ಪುಬಿಳುಪಿಗೂ ಕಡೆ, ಹಸಿರು ಪಾಚಿಯ ಬಣ್ಣ. ಜೀವ ನಾಲ್ಕು ಪೆನ್ಸಿಲ್ ಸೆಲ್ಲು. ಸ್ಪೀಕರ್ ಕೂಡ ಒಂದೇ. ಆದರೆ ಇಯರ್‌ಫೋನ್ ಚುಚ್ಚಿದರೆ ಅದೇ ಸಂಗೀತ ಎಡ, ಬಲ ಎಂದು ಬಿಡಿಸಿಕೊಂಡು ಸ್ಟೀರಿಯೊ ಆಗುತ್ತಿತ್ತು. ಒಳಗಿದ್ದದ್ದು ನಾಲ್ಕೇ ಸ್ವರವಾಹಿನಿ: ಎರಡು ಚೌಕ ಅಲೆಯವು, ಒಂದು ಬೇಕಾದ ಆಕಾರದ ಅಲೆಯದ್ದು, ಇನ್ನೊಂದು ಬರೀ ಗದ್ದಲದ್ದು. ಇಷ್ಟರಲ್ಲೇ ಹಿರೊಕಾಜು ತನಾಕಾ ಟೆಟ್ರಿಸ್ ಆಟಕ್ಕೆ ರಷ್ಯದ ಹಳೆಯ ಜಾನಪದ ಧಾಟಿಯನ್ನು ಕೂಡಿಸಿದ್ದನ್ನು ಜಗತ್ತು ಇಂದಿಗೂ ಗುನುಗುತ್ತದೆ.

ಇಂಥ ಪರಂಪರೆಯ ಎಸ್‌ಪಿಯಲ್ಲಿ 2003ರಲ್ಲಿ ಕಂಪೆನಿ ತೂತನ್ನೇ ಮುಚ್ಚಿಬಿಟ್ಟಿತು. ಹೆಡ್‌ಫೋನ್ ಬೇಕಿದ್ದವರು ಚಾರ್ಜರಿನ ಕಿಂಡಿಗೆ ಚುಚ್ಚುವ ಅಡಾಪ್ಟರನ್ನು ಬೇರೆ ದುಡ್ಡು ಕೊಟ್ಟು ತರಬೇಕು. ಆಪಲ್ ಕಂಪೆನಿ 2016ರಲ್ಲಿ ಐಫೋನ್ 7ರಿಂದ ಜಾಕ್ ಕಿತ್ತಾಗ ಲೋಕವೆಲ್ಲ ಬೊಬ್ಬೆ ಹೊಡೆಯಿತು. ಅದಕ್ಕಿಂತ ಹದಿಮೂರು ವರ್ಷ ಮೊದಲೇ ಮಕ್ಕಳ ಆಟಿಕೆಯೊಂದು ಅದೇ ಕೆಲಸ ಮಾಡಿತ್ತು ಎಂಬುದು ದೊಡ್ಡವರಿಗೆ ಕಾಣಿಸಿರಲಿಲ್ಲ, ಅಷ್ಟೆ.

ಹೀಗೆ ಬ್ಲೂಟೂತ್ ಹೆಡ್‌ಫೋನಿಗೆ ಬಾಗಿಲು ಹಾಕಿದ ಎರಡು ಯಂತ್ರ, ಒಂದು ಹಳತು, ಒಂದು ಹೊಸತು, ಅವನ ಮೇಜಿನ ಮೇಲೆ ಒಟ್ಟಿಗೆ ಕುಳಿತಿದ್ದವು. ಸ್ವಿಚ್‌ನಲ್ಲಿ ಜಾಕ್ ಇತ್ತು, ಆದರೆ ಬ್ಲೂಟೂತ್ ಸದ್ದಿರಲಿಲ್ಲ. ಎಸ್‌ಪಿಯಲ್ಲಿ ಎರಡೂ ಇರಲಿಲ್ಲ. ಸ್ವಿಚ್‌ನದ್ದು ಇನ್ನೂ ಸಿಟ್ಟು ಬರಿಸುವ ವಿಷಯ, ಯಾಕೆಂದರೆ 2017ರ ಮಾರ್ಚ್‌ನಲ್ಲಿ ಮಾರುಕಟ್ಟೆಗೆ ಬಂದಾಗಲೇ ಅದರ ಹೊಟ್ಟೆಯಲ್ಲಿ ಬ್ಲೂಟೂತ್ ಇತ್ತು. ಅಕ್ಕಪಕ್ಕದಿಂದ ಕಳಚಿ ಹಿಡಿಯುವ ಜಾಯ್‌ಕಾನ್‌ಗಳು ಯಂತ್ರದ ಜೊತೆ ಮಾತಾಡುವುದೇ ಅದರಲ್ಲಿ. ಕೈಗೆ ಉಂಟು, ಕಿವಿಗೆ ಇಲ್ಲ! ಸೋನಿಯ ಪಿಎಸ್ ವೀಟಾ 2011ರಲ್ಲೇ ಬ್ಲೂಟೂತ್ ಹೆಡ್‌ಫೋನಿಗೆ ಹಾಡು ಕಳಿಸುತ್ತಿತ್ತು.

ಜನ ಸುಮ್ಮನೆ ಕೂರಲಿಲ್ಲ. 2018ರಲ್ಲಿ ಗೆಂಕಿ ಎಂಬ ಬೆರಳಗಲದ ಅಡಾಪ್ಟರ್ ಕಿಕ್‌ಸ್ಟಾರ್ಟರಿನಲ್ಲಿ ಚಂದಾ ಎತ್ತಿ ಹುಟ್ಟಿಕೊಂಡಿತು. ಸ್ವಿಚ್‌ನ ತಳದ ಚಾರ್ಜಿಂಗ್ ಕಿಂಡಿಗೆ ಅದನ್ನು ಸಿಕ್ಕಿಸಿದರೆ ಸದ್ದನ್ನು ಹೊರಗೆ ಹೀರಿ ಗಾಳಿಗೆ ಬಿಡುತ್ತದೆ. ಆಮೇಲೆ ಅದರ ತಮ್ಮಂದಿರು ಹತ್ತಾರು ಬಂದರು. ನಮ್ಮ ಆಸಾಮಿಯೂ ಅಂಥದ್ದೊಂದನ್ನು ದುಬೈಯ ತಮ್ಮನಿಗೆ ಹೇಳಿ ತರಿಸಿಕೊಂಡ. ಅದು ಕೈ ಸೇರಿ ಸ್ವಲ್ಪ ಸಮಯಕ್ಕೇ, 2021ರ ಸೆಪ್ಟೆಂಬರ್ ಮಧ್ಯದಲ್ಲಿ, ನಿಂಟೆಂಡೊ ಸದ್ದಿಲ್ಲದೆ 13.0.0 ಎಂಬ ಅಪ್‌ಡೇಟ್ ಬಿಟ್ಟು, ನಾಲ್ಕೂವರೆ ವರ್ಷ ಕೊಡದಿದ್ದನ್ನು ಎಲ್ಲರಿಗೂ ಪುಕ್ಕಟೆ ಕೊಟ್ಟುಬಿಟ್ಟಿತು. ಆ ಅಪ್‌ಡೇಟ್ ಇಳಿಸುವುದಕ್ಕೂ ಫೋನನ್ನು ಗುಡ್ಡೆಯ ಬದಿಯ ಕಿಟಕಿಯ ದಂಡೆಯಲ್ಲಿಟ್ಟು ನೆಟ್‌ವರ್ಕಿನ ದರ್ಶನಕ್ಕೆ ಕಾಯಬೇಕಾಯಿತು ಎನ್ನುವುದು ಬೇರೆ ಮಾತು.

ಪುಕ್ಕಟೆ ಸಿಕ್ಕಿದ್ದಕ್ಕೆ ಷರತ್ತುಗಳೂ ಇದ್ದವು. ಹೆಡ್‌ಫೋನ್ ಜೋಡಿಸಿದರೆ ತಂತಿಯಿಲ್ಲದ ಕಂಟ್ರೋಲರ್ ಎರಡಕ್ಕಿಂತ ಹೆಚ್ಚು ಕೂಡದು, ಮತ್ತು ಕಳಚಿದ ಒಂದು ಜೊತೆ ಜಾಯ್‌ಕಾನ್ ಎಂದರೆ ಎರಡೆಂದೇ ಲೆಕ್ಕ. ಪಕ್ಕದಲ್ಲಿ ಕುಳಿತವರ ಸ್ವಿಚ್‌ನೊಂದಿಗೆ ನೇರ ಜೋಡಿಸಿಕೊಂಡು ಆಡತೊಡಗಿದರೆ ಹೆಡ್‌ಫೋನ್ ಕಡಿದುಹೋಗುತ್ತದೆ. ಮೈಕ್ ನಡೆಯುವುದಿಲ್ಲ. ಒಂದು ಸಲಕ್ಕೆ ಒಂದೇ ಹೆಡ್‌ಫೋನು. ಈ ಜಿಪುಣತನಕ್ಕೆ ಕಾರಣ ಊಹಿಸುವುದು ಕಷ್ಟವಲ್ಲ. ಬ್ಲೂಟೂತ್ ಓಡಾಡುವುದು 2.4 ಗಿಗಾಹರ್ಟ್ಸ್‌ನ ಸಣ್ಣ ಓಣಿಯಲ್ಲಿ. ಅಲ್ಲಿನ ಒಂದೊಂದು ಮೆಗಾಹರ್ಟ್ಸ್ ಅಗಲದ 79 ದಾರಿಗಳಲ್ಲಿ ಅದು ಸೆಕೆಂಡಿಗೆ 1600 ಸಲ ಜಿಗಿಯುತ್ತ ಹೋಗುತ್ತದೆ. ವೈಫೈ ಕೂಡ ಅದೇ ಓಣಿಯ ಗಿರಾಕಿ. ಬೆರಳಿನ ಆಜ್ಞೆ ಬರಬೇಕು, ನೆಟ್ ಬರಬೇಕು, ಮೇಲಿಂದ ಎಡೆಬಿಡದ ಸಂಗೀತವೂ ಹೋಗಬೇಕೆಂದರೆ ಯಾರಾದರೊಬ್ಬರು ಬದಿಗೆ ಸರಿಯಲೇಬೇಕು.

ಆದರೆ ನಿಜವಾದ ಕಿರಿಕಿರಿ ಷರತ್ತಿನದ್ದಲ್ಲ, ತಡದ್ದು. ಗುಂಡಿ ಒತ್ತಿದ ಮೇಲೆ, ಪರದೆಯ ಗೊಂಬೆ ಹಾರಿ ನೆಲ ಮುಟ್ಟುವ ಹೊತ್ತಿಗೆ, ಹಾರಿದ ಸದ್ದು ಕಿವಿಗೆ ಬರುತ್ತದೆ. ಸದ್ದನ್ನು ಮೊದಲು ಸಣ್ಣದು ಮಾಡಿ ಕಟ್ಟುಕಟ್ಟಾಗಿಸಬೇಕು, ಕಳಿಸಬೇಕು. ದಾರಿಯಲ್ಲಿ ಕಟ್ಟು ತಪ್ಪಿಹೋದರೆ ಹಾಡು ತುಂಡಾಗದಿರಲೆಂದು ಹೆಡ್‌ಫೋನ್ ಸ್ವಲ್ಪ ದಾಸ್ತಾನು ಇಟ್ಟುಕೊಂಡೇ ನುಡಿಸಬೇಕು. ಸಾಮಾನ್ಯ ಎಸ್‌ಬಿಸಿ ವಿಧಾನದಲ್ಲಿ ಇದೆಲ್ಲ ಸೇರಿ ಸೆಕೆಂಡಿನ ಐದನೇ ಒಂದು ಭಾಗದಷ್ಟು ತಡವಾಗುವುದು ಮಾಮೂಲು. ಗಾಳಿಯಲ್ಲಿ ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಓಡುತ್ತದೆ. ಆ ಲೆಕ್ಕದಲ್ಲಿ ಇದು ಯಕ್ಷಗಾನದ ರಂಗಸ್ಥಳದಿಂದ 68 ಮೀಟರ್ ದೂರ, ಗದ್ದೆಯ ಆಚೆ ಬದಿಯ ಚರುಮುರಿ ಗಾಡಿಯ ಹತ್ತಿರ ನಿಂತು ಚೆಂಡೆ ಕೇಳಿದ ಹಾಗೆ. ಕೋಲು ಬಿದ್ದದ್ದು ಕಣ್ಣಿಗೆ ಮೊದಲು, ಪೆಟ್ಟು ಕಿವಿಗೆ ಆಮೇಲೆ. ಸಿನಿಮಾ ನೋಡುವಾಗ ಫೋನು ಈ ವಂಚನೆಯನ್ನು ಮುಚ್ಚಿಹಾಕುತ್ತದೆ, ಚಿತ್ರವನ್ನೂ ಅಷ್ಟೇ ತಡಮಾಡಿ ತೋರಿಸಿದರಾಯಿತು. ಆಟದಲ್ಲಿ ಅದು ಸಾಗುವುದಿಲ್ಲ. ಹೆಬ್ಬೆರಳು ಯಾವಾಗ ಇಳಿಯುತ್ತದೆಂದು ಯಂತ್ರಕ್ಕೆ ಮುಂಚಿತವಾಗಿ ಗೊತ್ತಿಲ್ಲವಲ್ಲ.

ಪರೀಕ್ಷೆಗೆ ತಾಳದ ಆಟಕ್ಕಿಂತ ಕಠಿಣವಾದದ್ದು ಇಲ್ಲ. ಗೇಮ್‌ಬಾಯ್ ಅಡ್ವಾನ್ಸಿಗೆ 2006ರಲ್ಲಿ ಜಪಾನಿನಲ್ಲಿ ಬಂದ ರಿದಮ್ ತೆಂಗೊಕು ಪೂರ್ತಿ ಕಿವಿಯ ಆಟ. ಕಣ್ಣು ಮುಚ್ಚಿಯೂ ಆಡಬಹುದು, ಲಯ ತಪ್ಪಿದರೆ ಮಾತ್ರ ಗತಿಯಿಲ್ಲ. ಚಿಕ್ಕಂದಿನಲ್ಲಿ ಒಂದಷ್ಟು ಕಾಲ ಚೆಂಡೆ ಕಲಿತ ಕೈ ಅವನದ್ದು. ಆ ಎಸ್‌ಪಿಗೆ ಬ್ಲೂಟೂತ್ ಕೂಡಿಸುವ ಹುಚ್ಚು ಹತ್ತಿದ್ದು ಈ ಆಟದ ನೆಪದಲ್ಲೇ.

ಅದಕ್ಕೆ ಸಿಕ್ಕಿದ ಜೊತೆಗಾರ ಬದಿಯಡ್ಕದ ಒಬ್ಬ ಹಳೆಯ ರೇಡಿಯೊ ಮೆಕ್ಯಾನಿಕ್. ಒಂದು ಕಾಲದಲ್ಲಿ ಮಂಗಳೂರು ಆಕಾಶವಾಣಿಯ ತಾಳಮದ್ದಳೆ ಕೇಳುವ ಸೆಟ್ಟುಗಳನ್ನೂ ಗಲ್ಫಿನ ಟೇಪ್‌ರೆಕಾರ್ಡರುಗಳನ್ನೂ ಬಿಚ್ಚಿ ಕೂಡಿಸಿದ ಕೈ. ಈಗ ಮೊಬೈಲಿನ ಡಿಸ್‌ಪ್ಲೇ ಬದಲಿಸುತ್ತದೆ. ಎಸ್‌ಪಿಯ ಬೆನ್ನಿನಲ್ಲಿ ಮೂರು ರೆಕ್ಕೆಯ ಸ್ಕ್ರೂಗಳು. ಮಾಮೂಲು ಸ್ಕ್ರೂಡ್ರೈವರಿಗೆ ಬಗ್ಗುವಂಥವಲ್ಲ. ತೆರೆದರೆ, ಚಾರ್ಜರಿನ ಕಿಂಡಿಯ ಹತ್ತಿರವೇ ಎಡ ಬಲದ ಸದ್ದು ಸಿಗುವ ಬೊಟ್ಟುಗಳು. ಅಲ್ಲಿಂದ ಕೂದಲೆಳೆಯ ತಂತಿ ಎಳೆದು ಉಗುರಗಲದ ಬ್ಲೂಟೂತ್ ಬೋರ್ಡಿಗೆ ಬೆಸುಗೆ ಹಾಕಿ, ಬ್ಯಾಟರಿಯಿಂದ ಅದಕ್ಕೊಂದು ಗುಟುಕು ಕರೆಂಟು ಕೊಟ್ಟದ್ದಾಯಿತು. ಸದ್ದು ಬಂತು. ಅದರ ಹಿಂದೆಯೇ ಜೀರುಂಡೆಯ ಹಾಗೆ ಒಂದು ‘ಝೀ’ ಕೂಡ. ಪ್ರಸಾರದ ಬೋರ್ಡು ಕರೆಂಟನ್ನು ಒಂದೇ ಹದದಲ್ಲಿ ಕುಡಿಯುವುದಿಲ್ಲ, ಕಟ್ಟು ಕಳಿಸುವಾಗಲೆಲ್ಲ ಗಬಕ್ಕನೆ ನುಂಗುತ್ತದೆ. ಭೂತಂತಿ ಎರಡಕ್ಕೂ ಒಂದೇ ಆದ್ದರಿಂದ ಆ ನಡುಕ ಸಂಗೀತಕ್ಕೂ ಸೇರುತ್ತದೆ. ಬೋರ್ಡಿನ ಕರೆಂಟನ್ನು ಪ್ರತ್ಯೇಕಿಸುವ ಇನ್ನೊಂದು ಪುಟ್ಟ ತುಣುಕು ನಡುವೆ ಕೂರಿಸಿದ ಮೇಲೆ ಝೀಂಕಾರ ಅಡಗಿತು. ಮೆಕ್ಯಾನಿಕ್ ಇಡೀ ಹೊತ್ತು ಗೊಣಗಿದ್ದು ಒಂದೇ ಮಾತು: ಇಷ್ಟು ಪಾಡು ಪಡುವ ಬದಲು ಒಂದು ಜಾಕ್ ಹಾಕಿದರೆ ಸಾಲದೇ?

ಅವರ ಮಾತಿನಲ್ಲಿ ಹುರುಳಿತ್ತು. ತಾಳದ ಆಟ ಹಾಕಿದಾಗ ಪ್ರತಿ ಪೆಟ್ಟೂ ಹಿಂದೆ ಬಿತ್ತು. ಚೆಂಡೆಯವನ ಕೈ ಸದ್ದಿಗೆ ಕಾದು ಬೀಳುತ್ತದೆ, ಆಟ ಆಗಲೇ ಮುಂದೆ ಹೋಗಿರುತ್ತದೆ. ಎಪಿಟಿಎಕ್ಸ್ ಲೋ ಲೇಟೆನ್ಸಿಯಂಥ ವಿಧಾನ ಈ ತಡವನ್ನು 40 ಮಿಲಿಸೆಕೆಂಡಿನ ಸುತ್ತ ಇಳಿಸುತ್ತದೆ, ಆದರೆ ಕಳಿಸುವ ಬೋರ್ಡಿಗೂ ಕೇಳುವ ಹೆಡ್‌ಫೋನಿಗೂ ಆ ವಿದ್ಯೆ ಗೊತ್ತಿರಬೇಕು. ಅವನ ಆಫೀಸಿನ ಹೆಡ್‌ಫೋನಿಗೆ ಗೊತ್ತಿರಲಿಲ್ಲ. ಕೊನೆಗೆ ಎಸ್‌ಪಿಯ ಪಕ್ಕೆಯಲ್ಲಿ ಜಾಕ್ ಕೂಡ ಬಂದು ಕೂತಿತು. ಈಗ ತಾಳದ ಆಟಕ್ಕೆ ತಂತಿ. ಊರೂರು ಅಲೆದು ಯುದ್ಧ ಮಾಡುವ ನಿಧಾನದ ಆಟಕ್ಕೆ ಗಾಳಿ.

ದೊಡ್ಡ ಕಂಪೆನಿಗಳೂ ಇಂಥದ್ದೇ ರಾಜಿಯಲ್ಲಿವೆ. ಸೋನಿ 2023ರ ನವೆಂಬರಿನಲ್ಲಿ ತಂದ ಪ್ಲೇಸ್ಟೇಷನ್ ಪೋರ್ಟಲ್‌ನಲ್ಲಿ ಬ್ಲೂಟೂತ್ ಸದ್ದೇ ಇಲ್ಲ. ಇರುವುದು ಅವರದೇ ಪ್ಲೇಸ್ಟೇಷನ್ ಲಿಂಕ್ ಮತ್ತು ಒಂದು ಹಳೆಯ 3.5 ಮಿಲಿಮೀಟರ್ ತೂತು. 2025ರ ಜೂನ್‌ನಲ್ಲಿ ಬಂದ ಸ್ವಿಚ್ 2 ಬ್ಲೂಟೂತನ್ನೂ ಇಟ್ಟುಕೊಂಡಿದೆ, ತೂತನ್ನೂ ಬಿಟ್ಟಿಲ್ಲ.

ಹಂಚಿಕೊಂಡು ಕೇಳುವ ವಿಷಯದಲ್ಲಿ ಮಾತ್ರ ಹಿಂದಿನವರೇ ಮೇಲು. 1979ರ ಜುಲೈಯಲ್ಲಿ ಬಂದ ಸೋನಿಯ ಮೊದಲ ವಾಕ್‌ಮನ್‌ಗೆ ಹೆಡ್‌ಫೋನ್ ಜಾಕ್ ಎರಡಿದ್ದವು, ಜೊತೆಗೆ ಕೇಳುವವರಿಬ್ಬರು ಹಾಡಿನ ನಡುವೆ ಮಾತಾಡಿಕೊಳ್ಳಲೆಂದು ಕಿತ್ತಳೆ ಬಣ್ಣದ ಗುಂಡಿಯೊಂದು. ಒಂದೇ ಯಂತ್ರದ ಸದ್ದನ್ನು ಬೇಕಾದಷ್ಟು ಕಿವಿಗಳಿಗೆ ಹಂಚುವ ಆರಾಕಾಸ್ಟ್ ಎಂಬ ಹೊಸ ಬ್ಲೂಟೂತ್ ಏರ್ಪಾಡು 2022ರಲ್ಲಿ ಘೋಷಣೆಯಾಗಿದೆ. ಅದು ತನಗೂ ಪಕ್ಕದಲ್ಲಿ ಕುಳಿತು ನೋಡುವ ಅಕ್ಕನ ಮಗಳಿಗೂ ಒದಗುವವರೆಗೆ ಇರಲೆಂದು ಅವನು ಕಾಸರಗೋಡಿನ ಅಂಗಡಿಯೊಂದರಿಂದ ವೈ ಆಕಾರದ ಅಗ್ಗದ ತಂತಿ ತಂದಿದ್ದಾನೆ. ಆ ಹುಡುಗಿ ಈಗ ತನ್ನ ಹೆಡ್‌ಫೋನಿಗೂ ಬೇರೆ ವಾಲ್ಯೂಮ್ ಬೇಕೆಂದು ಹಟ ಹಿಡಿದಿದ್ದಾಳೆ. ಬದಿಯಡ್ಕಕ್ಕೆ ಇನ್ನೊಮ್ಮೆ ಹೋಗಬೇಕು.